ಆರು ಮೀರಿದ ಸಂಜೆ

ಆರಕ್ಕೇರಿದವನು ಮೂರಕ್ಕೆ ಇಳಿಯಲೇಬೇಕು, ಉಪ್ಪಿಟ್ಟು ತಿಂದವನು ಕಾಫಿ ಕುಡಿಯಲೇಬೇಕು ಎಂದು ನಮ್ಮೂರಿನ ಗಾದೆ. ನಿಮ್ಮೂರಲ್ಲಿ ಬೇರೆ ಥರ ಹೇಳುತ್ತಾರೆ ಎಂದು ಬಲ್ಲೆ. ಗಾದೆಯನ್ನು ಕೆಡಿಸಿದವರು ನೀವೋ ನಾವೋ ಎಂಬ ಜಗಳ ಈಗ ಬೇಡ. ನಾನು ಹೇಳಹೊರಟಿರುವುದು ಮಾತ್ರ ನಡೆದದ್ದು. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

ನಮ್ಮೂರಿನ ಕೆರೆಯ ಮೇಲಿನ ಆಕಾಶದಲ್ಲಿ ಆಗಾಗ ಒಂದು ಹೊಸ ಚುಕ್ಕಿ ಹುಟ್ಟುತ್ತದೆ. ನಿನ್ನೆ ಖಾಲಿ ಇದ್ದ ಜಾಗದಲ್ಲಿ ಇವತ್ತು ಸಂಜೆ ಹಾಜರು. ಏರುತ್ತದೆ, ಆರಕ್ಕೆ ಹೋಗಿ ನಿಲ್ಲುತ್ತದೆ, ಆಮೇಲೆ ಇಳಿಯತೊಡಗುತ್ತದೆ. ಚುಕ್ಕಿ ಹುಟ್ಟಿದ ಸಂಜೆ ಊರಿಗೊಬ್ಬ ಅಧ್ಯಕ್ಷ ಬರುತ್ತಾನೆ. ಅದು ಮೂರಕ್ಕಿಳಿದ ಸಂಜೆ ಅವನು ಮನೆಗೆ ಹೋಗುತ್ತಾನೆ. ಚುನಾವಣೆ ಎಂಬುದಿಲ್ಲ. ಹೊಸ ಚುಕ್ಕಿ ಕಂಡ ಗಳಿಗೆಯಲ್ಲಿ ಹಳೆಯ ಅಧ್ಯಕ್ಷನ ಬಲಗಡೆ ಯಾರು ನಿಂತಿರುತ್ತಾರೋ ಅವರೇ ಹೊಸ ಅಧ್ಯಕ್ಷರು. ಆದ್ದರಿಂದ ನಮ್ಮಲ್ಲಿ ಮಾಜಿಗಳಿಗೂ ಬಲಗಡೆ ಜನಸಂದಣಿ ತಪ್ಪಿದ್ದಲ್ಲ. ಎಡಗಡೆ ಹೆಂಡತಿ ಒಬ್ಬಳೇ. ಒಂದು ಚುಕ್ಕಿ ಇಳಿದು ಇನ್ನೊಂದು ಹುಟ್ಟುವ ತನಕ ಊರಿಗೆ ಅಧ್ಯಕ್ಷನೇ ಇರುವುದಿಲ್ಲ. ಚರಂಡಿಗಳು ಸ್ವಚ್ಛವಾಗುವುದು ಆ ದಿನಗಳಲ್ಲೇ.

ಆರು, ಮೂರು ಎಂದು ಅಳೆಯುವುದು ಹೀಗೆ. ಕೆರೆಯ ಆಚೆ ದಡದ ಬಂಡೆಯ ಮೇಲೆ ಗಾಜಿನ ಗೂಡುಗಳಲ್ಲಿ ಆರು ಹೊಂಗೆಣ್ಣೆ ದೀಪಗಳಿವೆ, ಒಂದಕ್ಕಿಂತ ಒಂದು ದೊಡ್ಡದು. ಈಚೆ ದಡದ ಅಳತೆಕಟ್ಟೆಯ ಮೇಲೆ ಕೂತು, ಕತ್ತಲಿಳಿಯುವ ಹೊತ್ತಿಗೆ ಚುಕ್ಕಿಯನ್ನೊಮ್ಮೆ ದೀಪಗಳನ್ನೊಮ್ಮೆ ನೋಡಿ, ಚುಕ್ಕಿ ಎಷ್ಟನೆಯ ದೀಪಕ್ಕೆ ಸಮ ಎಂದು ಹೇಳಬೇಕು. ನಲವತ್ತೊಂದು ವರ್ಷದಿಂದ ಅದನ್ನು ಹೇಳುತ್ತ ಬಂದವಳು ನನ್ನ ದೊಡ್ಡಮ್ಮ ತಿಮ್ಮಾಜಮ್ಮ. ಅವಳ ದನಿ ಕಟ್ಟೆ ಇಳಿಯುವುದಿಲ್ಲ, ಹಾಗಾಗಿ ಅವಳು ಹೇಳಿದ್ದನ್ನು ಊರಿಗೆ ಕೂಗುವವನು ನಾನು. ಬಿ.ಎ. ಓದಿ ಕೂಗುವ ಕೆಲಸವೇ ಎಂದು ಕೇಳಬೇಡಿ. ಓದದೆಯೇ ಕೂಗುವವರು ಊರಲ್ಲಿ ಎಷ್ಟಿದ್ದಾರೆಂದು ನೋಡಿದರೆ ನನ್ನದು ಅರ್ಹತೆಯ ಮೇಲೆ ಸಿಕ್ಕಿದ್ದು. ಇದರ ಜೊತೆಗೆ ಇನ್ನೊಂದು ಕಸುಬಿದೆ. ಯಾರದಾದರೂ ದನಿಯನ್ನು ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಿಂದ ಬರುತ್ತದೆ. ಮದುವೆ ಮನೆಗಳಲ್ಲಿ ಊಟದ ಪಂಕ್ತಿಯ ಹೊತ್ತಿಗೆ ನನ್ನನ್ನು ಕರೆಸುತ್ತಾರೆ. ಊರಿನ ದೊಡ್ಡವರನ್ನೆಲ್ಲ ಉಪ್ಪಿನಕಾಯಿಯ ಹಾಗೆ ಎಲೆಗೆ ಸ್ವಲ್ಪ ಸ್ವಲ್ಪ ಬಡಿಸುತ್ತೇನೆ.

ದೊಡ್ಡಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ದಾಖಲೆಯೆಂದರೆ ಸುತ್ತಿಟ್ಟ ಒಂದು ಉದ್ದದ ಬಿಳಿ ಬಟ್ಟೆ. ಸಂಜೆಗೊಂದು ಕಸೂತಿ ಹೊಲಿಗೆ, ಹೊಳಪು ಎಷ್ಟೋ ಅಷ್ಟು ಎತ್ತರದಲ್ಲಿ. ಬಿಚ್ಚಿದರೆ ಊರಿನ ಇತಿಹಾಸ. ಒಂದು ಚುಕ್ಕಿ ಕಾರೆಮುಳ್ಳಿನ ಹಾಗೆ ಚೂಪಾಗಿ ಎದ್ದು ಹನ್ನೊಂದೇ ದಿನಕ್ಕೆ ಬಿದ್ದಿದೆ. ಆ ಅಧ್ಯಕ್ಷರ ಹೆಸರು ಈಗ ಅವರ ಮನೆಯವರಿಗೂ ನೆನಪಿಲ್ಲ. ಇನ್ನೊಂದು ಎಮ್ಮೆಯ ಬೆನ್ನಿನ ಹಾಗೆ ನಿಧಾನಕ್ಕೆ ಇಳಿದಿದೆ. ಮತ್ತೊಂದು ಚುಕ್ಕಿ ಮೂರನೆಯ ತಿಂಗಳು ಬಾವಿಗೆ ಬಿದ್ದಂತೆ ಮಾಯವಾಗಿ, ಅಧ್ಯಕ್ಷರು ಅಳುತ್ತ ಮನೆಗೆ ಹೋದ ಮೇಲೆ, ಎರಡು ತಿಂಗಳು ಬಿಟ್ಟು ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಬಂದಿದೆ. ಪಾಪ, ಅವರು ಇವತ್ತಿಗೂ ಪುರಸಭೆಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿರುತ್ತಾರೆ. ಇಷ್ಟನ್ನೂ ಹೊಲಿದು ಹೊಲಿದು ದೊಡ್ಡಮ್ಮ ಒಂದು ಮಾತು ಕಂಡುಕೊಂಡಿದ್ದಳು: "ಹತ್ತೋದು ನೋಡು, ಇಳಿಯೋದು ಗೊತ್ತಾಗುತ್ತೆ." ಎರಡು ಸಂಜೆಯಲ್ಲಿ ಆರಕ್ಕೆ ಹಾರಿದ್ದು ದಿನಗಳಲ್ಲಿ ಬೀಳುತ್ತದೆ, ತೆವಳುತ್ತ ಏರಿದ್ದು ತಿಂಗಳುಗಟ್ಟಲೆ ತೆವಳುತ್ತ ಇಳಿಯುತ್ತದೆ. ಊರಿನ ಬೋರ್ಡು ಬರೆಯುವವನು ಅವಳನ್ನು ಕೇಳದೆ ಯಾವ ಅಧ್ಯಕ್ಷರ ಹೆಸರನ್ನೂ ಬಣ್ಣದಲ್ಲಿ ಬರೆಯುತ್ತಿರಲಿಲ್ಲ. ಮೊದಲು ಸೀಮೆಸುಣ್ಣ.

ಈಗ ಅಧ್ಯಕ್ಷ ಚಂದ್ರಾಯಪ್ಪನವರ ವಿಷಯ. ಹಿಂದಿನವರ ಬಲಗಡೆ ಆರು ವರ್ಷ ನಿಂತು, ಅವರ ಬಲಗಿವಿಗೆ ಹೇಳಬಹುದಾದ್ದನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಚುಕ್ಕಿ ಪಡೆದವರು. ಅವರ ಅದೃಷ್ಟಕ್ಕೆ ಅದು ಹತ್ತೊಂಬತ್ತು ಸಂಜೆ ಏದುಸಿರು ಬಿಡುತ್ತ ಏರಿತು. "ಎಮ್ಮೆ ಜಾತಿ. ಎಂಟು ತಿಂಗಳಿಗೆ ಮೋಸವಿಲ್ಲ" ಎಂದಳು ದೊಡ್ಡಮ್ಮ. ಚಂದ್ರಾಯಪ್ಪನವರು ಮಾತಾಡುವ ಮೊದಲು ಬಿಸಿ ಕಾಫಿ ಹೀರಿದಂತೆ ಒಮ್ಮೆ 'ಸೊರ್' ಎನ್ನುತ್ತಾರೆ, ಆಮೇಲೆ 'ಹೆಂಗಪ್ಪಾ ಅಂದ್ರೆ' ಎನ್ನುತ್ತಾರೆ, ಆಮೇಲೆ ಹೆಂಗೆ ಎಂಬುದನ್ನು ಮರೆಯುತ್ತಾರೆ. ಅನುಕರಿಸುವವನಿಗೆ ಇಂಥ ಗಂಟಲು ಸಿಗುವುದು ಪೂರ್ವಜನ್ಮದ ಪುಣ್ಯ.

ಎಂಟನೆಯ ತಿಂಗಳಿಗೆ ಚುಕ್ಕಿ ಮೂರೂವರೆಗೆ ಬಂತು. ಊರು ಪೊರಕೆ ಹುಡುಕಿಟ್ಟುಕೊಂಡಿತು. ಆದರೆ ಚುಕ್ಕಿ ಅಲ್ಲೇ ನಿಂತಿತು. ಒಂಬತ್ತಕ್ಕೆ ನಾಲ್ಕಾಯಿತು, ಹನ್ನೊಂದಕ್ಕೆ ಐದಾಯಿತು, ಹದಿನಾಲ್ಕನೆಯ ತಿಂಗಳೂ ಐದೇ. ಪುರಸಭೆಯ ಮುಂದೆ ಬಟ್ಟೆಯ ಫಲಕ ಎದ್ದಿತು: 'ಆರಕ್ಕೇರಿಯೂ ಮೂರಕ್ಕಿಳಿಯದ ನಾಯಕ!' ಇದೇ ಸಮಯಕ್ಕೆ ಊರಿನಲ್ಲಿ ಇನ್ನೊಂದು ಬದಲಾವಣೆ ಆಗುತ್ತಿತ್ತು. ಯಾರ ಮನೆಯ ದೀಪವೂ ಬಂಡೆಯ ಆರನೆಯ ದೀಪವನ್ನು ಮೀರಿ ಉರಿಯಬಾರದು ಎಂಬುದು ಹಳೆಯ ಕಟ್ಟಳೆ. ಪುರಸಭೆಯ ಆಳು ಸಂಜೆ ಸಂಜೆ ಬಂದು "ನಿಮ್ಮದು ಜಾಸ್ತಿ ಉರೀತಿದೆ, ಬತ್ತಿ ಒಂದೆಳೆ ಇಳಿಸಿ" ಎನ್ನುತ್ತಿದ್ದ. ಇಳಿಸಿದೆವು. ದಿನಕ್ಕೊಂದೆಳೆ ಇಳಿದರೆ ಯಾರ ಗಮನಕ್ಕೆ ಬರುತ್ತದೆ? ಹೋಟೆಲಿನಲ್ಲಿ ದೋಸೆ ಮಸಾಲೆಯದೋ ಸಾದಾವೋ ಎಂದು ಬೆರಳಿಟ್ಟು ನೋಡಿ ತಿಂದೆವು. ಸಂಜೆ ಹೊತ್ತಿನಲ್ಲಿ ಇಟ್ಟುಕೊಂಡ ಹೆಣ್ಣು ನೋಡುವ ಶಾಸ್ತ್ರಗಳೆಲ್ಲ ಸರಾಗವಾಗಿ ಮುಗಿದವು. ಆ ವರ್ಷದಷ್ಟು ಮದುವೆ ಹಿಂದೆಂದೂ ಆಗಿರಲಿಲ್ಲ, ಮಾರನೆಯ ಬೆಳಗಿನಷ್ಟು ಜಗಳವೂ. ಆದರೂ ಊರು ಕತ್ತಲಾಯಿತು ಎಂದು ಒಬ್ಬರೂ ಅನ್ನಲಿಲ್ಲ. ನನ್ನ ಕಣ್ಣು ಮಂಜಾಯಿತು ಎಂದೇ ಎಲ್ಲರೂ ಅಂದದ್ದು. ಊರಿಗೆ ಊರೇ ಕನ್ನಡಕದ ಅಂಗಡಿಗೆ ನಡೆಯಿತು. ಅಂಗಡಿಯ ಮಾಲೀಕ ಮುದ್ದುರಂಗ ಅಧ್ಯಕ್ಷರ ಭಾಮೈದ. ಸದಾ ಅವರ ಬಲಗಡೆ ನಿಲ್ಲುವವನೂ ಅವನೇ. ಜನರ ಕಣ್ಣು ನಿಜವಾಗಿಯೂ ಕೆಟ್ಟಿದೆ ಎಂದು ನಂಬಿದ್ದ ಅವನು ಪ್ರತಿ ಸಂಜೆ ದೇವರಿಗೆ ಕೈ ಮುಗಿಯುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಕಟ್ಟೆಯ ಮೇಲೆ ದೊಡ್ಡಮ್ಮ ನನ್ನ ತೋಳು ಹಿಡಿದು ಎಳೆದಳು. "ಲೋ ಪರಶು, ಚುಕ್ಕಿ ಪಕ್ಕದಲ್ಲಿ ಕಿರಿಸೊಸೆ ಕಾಣುತ್ತಾ ನಿಂಗೆ?"

ಕಿರಿಸೊಸೆ ಎಂದರೆ ಆ ಮೂಲೆಯಲ್ಲಿ ತಲತಲಾಂತರದಿಂದ ಇರುವ, ಏರದ ಇಳಿಯದ, ಯಾವತ್ತೂ ಎರಡನೆಯ ದೀಪಕ್ಕೇ ಸಮವಾದ ಒಂದು ಬಡ ನಕ್ಷತ್ರ.

"ಕಾಣುತ್ತೆ ದೊಡ್ಡಮ್ಮ. ಚೆನ್ನಾಗೇ ಕಾಣುತ್ತೆ."

"ಚುಕ್ಕಿ ಆರರಲ್ಲಿದ್ದಾಗ ಅವಳು ಅತ್ತೆ ಮುಂದೆ ಬಂದ ಹಾಗೆ ಮುಖಾನೇ ತೋರಿಸ್ತಿರಲಿಲ್ಲ. ಈಗ ನೋಡಿದ್ರೆ ಚುಕ್ಕಿಗಿಂತ ಅವಳೇ ಒಂದು ಕೈ ಮೇಲು. ಅಂದ್ಮೇಲೆ ಚುಕ್ಕಿ ಎರಡಕ್ಕೆ ಬಂದಿರಬೇಕು. ದೀಪ ನೋಡಿದ್ರೆ ಐದು ಅನ್ನುತ್ತೆ."

"ದೀಪವೇ ಸುಳ್ಳು ಹೇಳ್ತಿರಬಹುದಲ್ಲ?"

"ಥೂ, ಬಾಯಿ ತೊಳಕೋ! ನಮ್ಮ ಮುತ್ತಜ್ಜಿ ಕಾಲದ ದೀಪ. ಅದಕ್ಕೇನು ನಿನ್ನ ಥರ ಬಾಯಿದೆಯಾ ಸುಳ್ಳು ಹೇಳೋಕೆ?" ಆಮೇಲೆ ದನಿ ಇಳಿಸಿ ಅಂದಳು, "ನನ್ನ ಕಣ್ಣೇ ಹೋಗಿದೆ ಕಣೋ."

ಮಾರನೆಯ ದಿನ ಮಧ್ಯಾಹ್ನ ಅವಳ ಮನೆಗೆ ಹೋದರೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಗೋಡೆ ಸವರುತ್ತ, ಅಡುಗೆಮನೆಯಿಂದ ಬಾವಿಕಟ್ಟೆಗೆ ಎಷ್ಟು ಹೆಜ್ಜೆ ಎಂದು ಎಣಿಸುತ್ತಿದ್ದಳು. "ಹದಿನೇಳು. ಹೊಸಲು ಬೇರೆ. ಮುಂದಕ್ಕೆ ಬೇಕಾಗುತ್ತಲ್ಲ" ಎಂದಳು. ಅವಳ ದಾರಿಗೆ ಅಡ್ಡವಿದ್ದ ಕೊಡವನ್ನು ನಾನು ಪಕ್ಕಕ್ಕೆ ಸರಿಸಿದೆ.

ಕಣ್ಣಿಗಿಂತ ಹೆಚ್ಚಿನ ಭಯ ಅವಳಿಗೆ ಇನ್ನೊಂದಿತ್ತು. ಅಳೆಯುವವರ ಕಣ್ಣು ಹೋಗಿದೆ ಎಂದು ಗೊತ್ತಾದರೆ ಅವರು ಹೊಲಿದ ಬಟ್ಟೆಯನ್ನು ಇಟ್ಟುಕೊಳ್ಳುವಂತಿಲ್ಲ. ಯಾವ ಹೊಲಿಗೆ ಸರಿ ಯಾವುದು ತಪ್ಪು ಎಂದು ಯಾರು ಹೇಳಬೇಕು? ಅದನ್ನು ಕತ್ತರಿಸಿ ಬಂಡೆಯ ದೀಪಗಳಿಗೆ ಬತ್ತಿ ಹೊಸೆಯಬೇಕು. ನಲವತ್ತೊಂದು ವರ್ಷ, ಬತ್ತಿ. ಅವಳ ಕಣ್ಣಿನ ಸುದ್ದಿ ಅಧ್ಯಕ್ಷರ ಕಿವಿಗೆ, ಬಲಗಿವಿಗೇ ಇರಬೇಕು, ಬಿತ್ತು. ಒಂದು ಗುರುವಾರ ಭಾವ ಭಾಮೈದ ಇಬ್ಬರೂ ದೊಡ್ಡಮ್ಮನ ಜಗಲಿಗೆ ಬಂದರು.

"ಸೊರ್... ಹೆಂಗಪ್ಪಾ ಅಂದ್ರೆ ತಿಮ್ಮಾಜಮ್ಮನೋರೇ, ನೀವು ನಮ್ಮೂರಿನ ಕಣ್ಣು. ಕಣ್ಣಿಗೂ ವಯಸ್ಸಾಗುತ್ತೆ. ಬರೋ ಸೋಮವಾರ ಕಟ್ಟೆ ಮೇಲೆ ನಿಮಗೊಂದು ಶಾಲು ಹೊದಿಸಿ, ಹಾರ ಹಾಕಿ..."

"ಹಾರ ಯಾಕಪ್ಪ? ನಾನಿನ್ನೂ ಸತ್ತಿಲ್ಲ."

"ಸನ್ಮಾನ ಅಮ್ಮ, ಸನ್ಮಾನ."

"ನಿಮ್ಮ ಜಾಗಕ್ಕೆ ನಾನಿದೀನಿ, ಚಿಂತೆ ಬಿಡಿ" ಎಂದ ಮುದ್ದುರಂಗ. "ನನ್ನ ಹತ್ರ ನಾನೂರು ಜೊತೆ ಕನ್ನಡಕ ಇದೆ."

"ಕನ್ನಡಕ ಇದೆ, ಸರಿ. ಕಣ್ಣಿದೆಯಾ?" ಎಂದಳು ದೊಡ್ಡಮ್ಮ. ಆದರೆ ಮಾತಿನ ಖಾರ ಅಲ್ಲಿಗೇ ಆರಿತು. "ಬಟ್ಟೆ?" ಎಂದು ಕೇಳಿದಳು.

"ಕಟ್ಟಳೆ ಕಟ್ಟಳೆಯೇ ಅಲ್ಲವಾ" ಎಂದರು ಅಧ್ಯಕ್ಷರು.

ಮಾರನೆಯ ದಿನ, ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ, ಬಟ್ಟೆಯನ್ನು ಕತ್ತರಿಸಬೇಡಿ ಎಂದು ದೊಡ್ಡಮ್ಮನ ಪರವಾಗಿ ಒಂದು ಅರ್ಜಿ ಕೊಡಲು ಪುರಸಭೆಗೆ ಹೋದವನು ಶೌಚಾಲಯಕ್ಕೆ ಹೊಕ್ಕೆ. ಅಲ್ಲಿ ಎರಡು ಕೋಣೆ, ಒಂದು ಅಧ್ಯಕ್ಷರಿಗೆ, ಒಂದು ಸಾರ್ವಜನಿಕರಿಗೆ. ನಡುವಿನ ಗೋಡೆ ಮೇಲಿನ ತನಕ ಇಲ್ಲ. ಪುರಸಭೆಯಲ್ಲಿ ಸಮಾನತೆ ಇರುವುದು ಅಷ್ಟೇ. ಪಕ್ಕದ ಕೋಣೆಯಿಂದ ಪರಿಚಿತ 'ಸೊರ್' ಕೇಳಿಸಿತು. ಹಿತ್ತಲ ಓಣಿಗೆ ತೆರೆಯುವ ಗವಾಕ್ಷಿಗೆ ಬಾಯಿಟ್ಟು ಅಧ್ಯಕ್ಷರು ಮಾತಾಡುತ್ತಿದ್ದರು.

"ಸಣ್ಣೀರಯ್ಯ, ಇದೀಯೇನಯ್ಯ?"

"ಇವ್ನಿ ಬುದ್ಧಿ" ಎಂದು ಓಣಿಯಿಂದ ಉತ್ತರ ಬಂತು. ಸಣ್ಣೀರಯ್ಯ ಬಂಡೆಯ ದೀಪ ಹಚ್ಚುವವನು.

"ಹೆಂಗಪ್ಪಾ ಅಂದ್ರೆ, ಇವತ್ತೂ ಆರೂ ದೀಪದ ಬತ್ತಿ ಒಂದೊಂದೆಳೆ ಒಳಕ್ಕೆಳ್ಕೋ. ಚುಕ್ಕಿ ಇಳೀದಂಗೆ ಮಾಡೋಕೆ ನನ್ನ ಕೈಲಾಗಲ್ಲ, ದೀಪ ಇಳಿಸೋಕಾಗುತ್ತಲ್ಲ."

"ಬುದ್ಧಿ, ಎಳ್ದೂ ಎಳ್ದೂ ಬತ್ತಿ ಎಲ್ಲೈತೆ ಅಂತ ನಂಗೇ ಕಾಣಾಕಿಲ್ಲ."

"ಕಾಣದಿದ್ರೆ ಮುದ್ದುರಂಗನ ಹತ್ರ ಕನ್ನಡಕ ತಗೋ."

ಅರ್ಜಿ ಕೊಡಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಹದಿನೇಳು, ಹೊಸಲು ಬೇರೆ, ಎಂಬ ಮಾತೇ ಕಿವಿಯಲ್ಲಿ. ಹೋಗಿ ಊರಿಗೆ ಹೇಳೋಣವೆಂದರೆ ಶೌಚಾಲಯದಲ್ಲಿ ಸಿಕ್ಕ ಸಾಕ್ಷಿಯನ್ನು ಯಾರ ಮುಂದೆ ಇಡಲಿ? ದೊಡ್ಡಮ್ಮನಿಗೆ ಹೇಳೋಣವೆಂದರೆ ಮುತ್ತಜ್ಜಿಯ ದೀ‌ಪವನ್ನು ಬೈದೆನೆಂದು ನನ್ನನ್ನೇ ಹೊರಗಟ್ಟುತ್ತಾಳೆ. ಆಗ ಕಟ್ಟಳೆ ಎಂದರಲ್ಲ ಅಧ್ಯಕ್ಷರು, ಆ ಕಟ್ಟಳೆಗಳೇ ನೆನಪಿಗೆ ಬಂದವು. ಅಳತೆಕಟ್ಟೆಯ ಕಲ್ಲಿನಲ್ಲಿ ಕೊರೆದಿರುವುದು ಎರಡೇ. ಒಂದು: ಏರಿ ಇಳಿದ ಚುಕ್ಕಿ ಮತ್ತೆ ಆರು ಮೀರುವುದಿಲ್ಲ, ಮೀರಿತೆಂದರೆ ಅದು ಆ ಚುಕ್ಕಿಯಲ್ಲ, ಹೊಸದು. ಎರಡು: ಹೊಸ ಚುಕ್ಕಿಗೆ ಹೊಸ ಬತ್ತಿ. ಆ ಸಂಜೆಯೇ ಎಲ್ಲರ ಎದುರು ಆರೂ ದೀಪಗಳ ಬತ್ತಿ ಬದಲಿಸಿ, ಹಿರಿಯರು ಗೀಚಿಟ್ಟ ಗೆರೆಯ ತನಕ ಎತ್ತಿ, ಮತ್ತೆ ಅಳೆಯಬೇಕು.

ಸಣ್ಣೀರಯ್ಯ ದಿನಾ ನಾಲ್ಕಕ್ಕೆ ಮುಂಚೆಯೇ ಓಣಿಗೆ ಬಂದು ಕಾಯುತ್ತಾನೆಂದು ನೋಡಿಟ್ಟುಕೊಂಡು, ಸೋಮವಾರ ಕಾಲು ಗಂಟೆ ಮುಂಚೆ ಶೌಚಾಲಯದಲ್ಲಿ ಅಧ್ಯಕ್ಷರ ಕೋಣೆಗೆ ಹೊಕ್ಕು ಚಿಲಕ ಹಾಕಿಕೊಂಡೆ. ಗವಾಕ್ಷಿಗೆ ಬಾಯಿಟ್ಟು ಎಳೆದೆ ಒಂದು 'ಸೊರ್'. "ಸಣ್ಣೀರಯ್ಯ, ಹೆಂಗಪ್ಪಾ ಅಂದ್ರೆ, ಇವತ್ತು ಸನ್ಮಾನ. ಎಳೆ ಗಿಳೆ ಸಾಲದು. ಆರೂ ಬತ್ತಿ ಒಂದು ಹೆಬ್ಬೆಟ್ಟು ಒಳಕ್ಕೆಳ್ಕೋ."

"ಹೆಬ್ಬೆಟ್ಟಾ ಬುದ್ಧಿ? ದೀಪ ಆರೋಯ್ತದೆ!"

"ಆರಬಾರದು. ಜೀವ ಹಿಡ್ಕೊಂಡಿದ್ರೆ ಸಾಕು, ಊರಿನ ಜನ ಇದ್ದಂಗೆ."

"ಈಗ ತಿಳೀತು ಬುದ್ಧಿ" ಎಂದು ಸಣ್ಣೀರಯ್ಯ ಹೊರಟುಹೋದ. ನಾನು ಸಾರ್ವಜನಿಕರ ಕೋಣೆಗೆ ದಾಟಿಕೊಂಡೆ. ಸರಿಯಾಗಿ ನಾಲ್ಕಕ್ಕೆ ನಿಜವಾದ ಸೊರ್ ಬಂತು. "ಸಣ್ಣೀರಯ್ಯ, ಇವತ್ತು ಏನೂ ಮುಟ್ಟಬೇಡ. ನಿನ್ನೆ ಇದ್ದಂಗೇ ಇರಲಿ. ತಿಳೀತಾ?" ಹಿತ್ತಲ ಓಣಿಯಲ್ಲಿ ಆಗ ಇದ್ದದ್ದು ಒಂದು ಕತ್ತೆ. ದೊಡ್ಡವರ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮರ್ಯಾದೆಯಲ್ಲ ಎಂದು ಗೋಡೆಯ ಈಚೆಯಿಂದ ನಾನೇ ಅಂದೆ: "ತಿಳೀತು ಬುದ್ಧಿ."

ಸಂಜೆ ಕೆರೆಯ ದಂಡೆಯಲ್ಲಿ ಊರಿಗೆ ಊರೇ ಸೇರಿತ್ತು, ಎಲ್ಲರ ಮೂಗಿನ ಮೇಲೂ ಮುದ್ದುರಂಗನ ಕನ್ನಡಕ. ಕಟ್ಟೆಯ ಮೇಲೆ ಅಧ್ಯಕ್ಷರು, ಅವರ ಬಲಗಡೆ ಮುದ್ದುರಂಗ, ಅವನ ಕೈಯ ತಟ್ಟೆಯಲ್ಲಿ ಶಾಲು, ಹಾರ ಮತ್ತು ಒಂದು ಕತ್ತರಿ. ದೊಡ್ಡಮ್ಮ ಮಡಿಲಲ್ಲಿ ಬಟ್ಟೆಯ ಸುರುಳಿ ಇಟ್ಟುಕೊಂಡು, ಹಠದ ಮಗುವನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಕೊನೆಯ ಅಳತೆ. ಚುಕ್ಕಿ ನೋಡಿದಳು. ಬಂಡೆ ನೋಡಿದಳು. ಮತ್ತೆ ಚುಕ್ಕಿ ನೋಡಿದಳು.

"ಪರಶು, ದೀಪ ಹಚ್ಚಿದಾರಾ?"

"ಹಚ್ಚಿದಾರೆ ದೊಡ್ಡಮ್ಮ. ಅಗೋ."

"ಅದು ದೀಪವಾ? ಮಿಣುಕುಹುಳ ಅಂದ್ಕೊಂಡೆ." ಸುರುಳಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಹಂಗಾದ್ರೆ ಚುಕ್ಕಿ ಆರು ಮೀರಿದೆ ಅಂತಾಯ್ತು. ಜನ ನಗ್ತಾರೆ ಕಣೋ. ಮುದುಕಿಗೆ ಪೂರ್ತಿ ಕಣ್ಣು ಹೋಯ್ತು ಅಂತಾರೆ."

"ನೀನು ನಲವತ್ತೊಂದು ವರ್ಷ ಜನರನ್ನು ನೋಡಿ ಹೇಳಿದೆಯಾ? ಕಂಡದ್ದು ಹೇಳು."

"ಮೀರಿದೆ" ಎಂದಳು. ನಾನು ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ: "ಆ...ರು ಮೀ...ರಿ...ದೆ!"

ಕೆರೆಯ ಕೊಕ್ಕರೆಗಳೂ ಎದ್ದವು. "ಹೊಸ ಚುಕ್ಕಿ! ಹೊಸ ಚುಕ್ಕಿ!" ಎಂದು ದಂಡೆ ತುಂಬ ಗದ್ದಲ.

"ಅದು ಹೆಂಗಾಗುತ್ತೆ!" ಅಧ್ಯಕ್ಷರು ಸೊರ್ ಎನ್ನುವುದನ್ನೂ ಮರೆತರು. "ಚುಕ್ಕಿ ಏನೂ ಏರಿಲ್ಲ, ದೀಪ..."

"ದೀಪಕ್ಕೇನಾಯ್ತು ಅಧ್ಯಕ್ಷರೇ?" ಎಂದಳು ಮುಂದೆ ನಿಂತಿದ್ದ ದೋಸೆ ಹೋಟೆಲಿನ ಚೌಡಮ್ಮ.

ಅಧ್ಯಕ್ಷರ ಬಾಯಿ ತೆರೆದೇ ಇತ್ತು. ದೀಪ ಇಳಿದಿದೆ ಎಂದರೆ ಯಾರು ಇಳಿಸಿದ್ದು ಎಂದು ಹೇಳಬೇಕು. ಇಳಿದಿಲ್ಲ ಎಂದರೆ ಚುಕ್ಕಿ ಹೊಸದು, ತಾವು ಹಳಬರು. ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. "ದೀಪಕ್ಕೇನಾಗುತ್ತೆ? ದೀಪ ಚೆನ್ನಾಗಿದೆ." ಅಲ್ಲಿಗೆ ಅವರ ಅಧಿಕಾರ ಮುಗಿಯಿತು. ಇನ್ನು ಮೇಲೆ ಚಂದ್ರಾಯಪ್ಪ ಎಂದರೆ ಸಾಕು.

ಅಷ್ಟರಲ್ಲಿ ಮುದ್ದುರಂಗ ತಟ್ಟೆಯಲ್ಲಿದ್ದ ಹಾರವನ್ನು ತಾನೇ ಹಾಕಿಕೊಂಡಾಗಿತ್ತು. "ಬೇಜಾರು ಮಾಡ್ಕೋಬೇಡಿ ಭಾವ, ಅಧಿಕಾರ ಮನೇಲೇ ಉಳೀತಲ್ಲ. ಸ್ವಲ್ಪ ಎಡಗಡೆ ಬನ್ನಿ. ಏ ಸಣ್ಣೀರಯ್ಯ! ಬೇಗ ಹೊಸ ಬತ್ತಿ ಹಾಕು, ಶಾಸ್ತ್ರ ಮುಗಿಸು!"

"ಬತ್ತಿ ಬೇಡವೋ, ನಾಳೆ ನೋಡೋಣ" ಎಂದು ಚಂದ್ರಾಯಪ್ಪ ಅವನ ತೋಳು ಜಗ್ಗಿದ.

"ಇಷ್ಟು ಹೊಟ್ಟೆಕಿಚ್ಚು ಒಳ್ಳೇದಲ್ಲ ಭಾವ."

ಆಚೆ ದಡದಲ್ಲಿ ಸಣ್ಣೀರಯ್ಯ ಒಂದೊಂದೇ ಗೂಡು ತೆರೆದು ಬತ್ತಿ ಬದಲಿಸಿ ಗೆರೆಯ ತನಕ ಎತ್ತಿದ. ಒಂದು, ಎರಡು, ಮೂರು. ಆರನೆಯದು ಹತ್ತಿದಾಗ ಕೆರೆಯ ನೀರೆಲ್ಲ ಕಾಸಿದ ತುಪ್ಪದ ಹಾಗಾಯಿತು. ಜನ ಕಣ್ಣಿಗೆ ಕೈ ಅಡ್ಡ ಹಿಡಿದರು. ಆಮೇಲೆ ಒಬ್ಬೊಬ್ಬರೇ ಕನ್ನಡಕ ತೆಗೆದರು. ತಟ್ಟೆಯಲ್ಲಿದ್ದ ಸನ್ಮಾನದ ಶಾಲಿನಲ್ಲಿ ನುಸಿ ತಿಂದ ಮೂರು ತೂತು ಇದ್ದದ್ದು ಇಡೀ ಊರಿಗೆ ಕಂಡಿತು.

"ಅಯ್ಯೋ ನಿಮ್ಮ! ನಮ್ಮ ಕಣ್ಣಲ್ಲ, ದೀಪ!" ಎಂದು ಚೌಡಮ್ಮ ತನ್ನ ಕನ್ನಡಕವನ್ನು ಮುದ್ದುರಂಗನ ಕಾಲ ಬಳಿ ಎಸೆದಳು. ಅವಳ ಹಿಂದೆಯೇ ಇನ್ನಷ್ಟು ಬಿದ್ದವು.

ದೊಡ್ಡಮ್ಮ ಎದ್ದು ನಿಂತಿದ್ದಳು. ಚುಕ್ಕಿ ನೋಡಿದಳು, ದೀಪ ನೋಡಿದಳು, ಕಿರಿಸೊಸೆಯನ್ನೂ ಒಮ್ಮೆ ನೋಡಿದಳು. "ಎರಡಕ್ಕೂ ಕಡಿಮೆ!" ಎಂದಳು. "ಒಂದೂ ಮುಕ್ಕಾಲು! ನನ್ನ ಕಣ್ಣಿಗೆ ಏನೂ ಆಗಿಲ್ಲ!" ನಾನು ಕೂಗಬೇಕಾಗಲಿಲ್ಲ. ಆ ದನಿ ಕಟ್ಟೆ ಇಳಿದು ಕೆರೆ ದಾಟಿ ಬಂಡೆಗೆ ಬಡಿದು ವಾಪಸು ಬಂತು.

ಒಂದೂ ಮುಕ್ಕಾಲು ಎಂದರೆ ಮೂರಕ್ಕಿಂತ ಕೆಳಗೆ. ಹಾರ ಇನ್ನೂ ಕೊರಳಲ್ಲೇ ಇದ್ದ ಮುದ್ದುರಂಗ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಬಲಗಡೆ ಯಾರೂ ಇರಲಿಲ್ಲ. ಎಲ್ಲರಿಗೂ ಎಲ್ಲ ತಿಳಿದಿತ್ತು, ತಿಳಿದಿದೆ ಎಂದು ಚಂದ್ರಾಯಪ್ಪನಿಗೂ ತಿಳಿದಿತ್ತು. ಈಗ ಕಲ್ಲು ಬೀಳುತ್ತದೋ ಕನ್ನಡಕ ಬೀಳುತ್ತದೋ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಚಂದ್ರಾಯಪ್ಪನ ಹೊಟ್ಟೆ ಮೊದಲು ಕುಲುಕಿತು. "ಸೊರ್" ಎಂದ. "ಹೆಂಗಪ್ಪಾ ಅಂದ್ರೆ ಮುದ್ದುರಂಗ... ನಂದು ಹದಿನಾಲ್ಕು ತಿಂಗಳು ಕಣೋ! ನಿಂದು... ನಿಂದು ಬತ್ತಿ ಬದಲಾಯಿಸೋ ಅಷ್ಟು ಹೊತ್ತು!" ಅಷ್ಟೇ. ಕಟ್ಟೆಯ ಕಂಬ ಹಿಡಿದುಕೊಂಡು ನಗತೊಡಗಿದ. ಊರೂ ನಕ್ಕಿತು. ಕೆಲವರು ಅವನ ಮಾತಿಗೆ, ಉಳಿದವರು ಅವನಿಗೆ. ಆಚೆ ದಡದಿಂದ ಜನರ ನಡುವೆ ಎಡವುತ್ತ ದಾಟಿ ಬಂದ ಸಣ್ಣೀರಯ್ಯ ನನ್ನ ಕಿವಿಯಲ್ಲಿ, "ಸೊರ್ ಒಂಚೂರು ಉದ್ದಾಯ್ತು ಬುದ್ಧಿ. ಅವ್ರದ್ದು ಅಷ್ಟು ಚಂದ ಇಲ್ಲ" ಎಂದು ಹೇಳಿ ಎಣ್ಣೆ ಡಬ್ಬ ಹಿಡಿದು ಮುಂದೆ ಹೋದ.

ದೊಡ್ಡಮ್ಮ ಆಗಲೇ ತಟ್ಟೆಯಿಂದ ಕತ್ತರಿ ಎತ್ತಿಕೊಂಡು, ಬಟ್ಟೆಯ ಕೊನೆಯನ್ನು ಮೊಣಕಾಲ ಮೇಲೆ ಹರಡಿ, ಆರು ತಿಂಗಳ ಸುಳ್ಳು ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ದಾರ ಬಂದರೂ ಸೂಜಿಯ ತೂತು ಹಾಗೇ ಉಳಿಯುತ್ತಿತ್ತು. "ಇರಲಿ, ಅದೂ ಕಾಣಲಿ" ಎಂದಳು.

"ದೊಡ್ಡಮ್ಮ, ಆ ನಗು ಎಷ್ಟಿದೆ ಹೇಳು?"

ಅವಳು ತಲೆಯೆತ್ತಿ ಚಂದ್ರಾಯಪ್ಪನನ್ನು ಚುಕ್ಕಿ ನೋಡುವಷ್ಟೇ ಶ್ರದ್ಧೆಯಿಂದ ನೋಡಿದಳು. "ಆರು. ಒಂದೇ ಏಟಿಗೆ ಹತ್ತಿದ್ದು. ಮನೆ ಬಾಗಿಲಲ್ಲಿ ಅವನ ಹೆಂಡತಿ ನಿಂತಿರ್ತಾಳೆ, ತಮ್ಮನ ಹಾರ ಯಾಕೆ ಬಾಡ್ತು ಅಂತ ಕೇಳೋಕೆ. ಅಲ್ಲಿಗೆ ಮೂರು."

ಆದರೆ ಅಲ್ಲಿಯ ತನಕ, ಆರೂ ದೀಪಗಳ ಬೆಳಕಿನಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತ, ಕಂಬವನ್ನು ಗುದ್ದುತ್ತ, ಕೆರೆಯ ಎರಡೂ ದಡದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಚಂದ್ರಾಯಪ್ಪನೇ.